ಕಾಟರಿ ಪೆನ್ಸಿಲ್: ಗುಂಡಿ, ತುದಿ, ತಂತಿ ಮತ್ತು ಹೊಗೆ

ಆಪರೇಷನ್ ಥಿಯೇಟರಿನಲ್ಲಿ ಕಾಟರಿ ಪೆನ್ಸಿಲ್ ಎಂದೇ ಕರೆಯಲಾಗುವ, ಅಂಗಾಂಶವನ್ನು ವಿದ್ಯುತ್ತಿನಿಂದ ಕತ್ತರಿಸುವ ಹಾಗೂ ರಕ್ತ ನಿಲ್ಲಿಸುವ, ಒಂದೇ ಸಲ ಬಳಸಬೇಕಾದ ಈ ಉಪಕರಣವನ್ನು ಕೊಳ್ಳುವಾಗ ಬೆಲೆಗಿಂತ ಮೊದಲು ಗುಂಡಿಗಳನ್ನು ಪರೀಕ್ಷಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಳದಿ ಗುಂಡಿ ಕತ್ತರಿಸುವುದಕ್ಕೆ, ನೀಲಿ ಗುಂಡಿ ರಕ್ತ ನಿಲ್ಲಿಸುವುದಕ್ಕೆ. ಹಳದಿ ಒತ್ತಿದಾಗ ಎಡೆಬಿಡದೆ ಹರಿಯುವ ವಿದ್ಯುತ್ತಿನಿಂದ ಜೀವಕೋಶದೊಳಗಿನ ನೀರು ಕ್ಷಣದಲ್ಲಿ ಆವಿಯಾಗಿ ಕೋಶವೇ ಒಡೆಯುತ್ತದೆ. ನೀಲಿ ಒತ್ತಿದಾಗ ತಡೆತಡೆದು ಬರುವ, ಹೆಚ್ಚು ವೋಲ್ಟೇಜಿನ ಅಲೆಗಳು ಅಂಗಾಂಶವನ್ನು ಒಣಗಿಸಿ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತವೆ. ವಿಜ್ಞಾನಿ ವಿಲಿಯಂ ಬೋವಿ ರೂಪಿಸಿದ, ಇಂಥ ವಿದ್ಯುತ್ತನ್ನು ಒದಗಿಸುವ ಯಂತ್ರವನ್ನು 1926ರಲ್ಲಿ ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ ಬಾಸ್ಟನ್ನಿನಲ್ಲಿ ತಲೆಯ ಗೆಡ್ಡೆಯ ಮೇಲೆ ಬಳಸಿದಂದಿನಿಂದ ತತ್ತ್ವ ಹೆಚ್ಚು ಬದಲಾಗಿಲ್ಲ. ಬದಲಾಗಿರುವುದು ಮುಖ್ಯವಾಗಿ ಯಂತ್ರದ ನಿಯಂತ್ರಣ ಮತ್ತು ಕೈಗೆ ಸಿಗುವ ಹಿಡಿಕೆ.

ಹಿಂದೆ ಮುಂದೆ ವಾಲಿಸಿ ಒತ್ತುವ ಒಂದೇ ಗುಂಡಿಗಿಂತ ಬಿಡಿಬಿಡಿಯಾದ ಎರಡು ಗುಂಡಿಗಳ ಮಾದರಿಯನ್ನೇ ನಾನು ಶಿಫಾರಸು ಮಾಡುತ್ತೇನೆ, ಏಕೆಂದರೆ ಒದ್ದೆಯಾದ ಗ್ಲೌಸಿನೊಳಗಿನ ಬೆರಳು ಜಾರಿದರೂ ಅವುಗಳ ನಡುವಿನ ಅಂತರ ತಪ್ಪನ್ನು ತಡೆಯುತ್ತದೆ. ಒತ್ತಿದ್ದು ಬೆರಳಿಗೆ ಸ್ಪಷ್ಟವಾಗಿ ತಿಳಿಯಬೇಕು. ಗುಂಡಿ ಹಿಡಿಕೆಯ ಮಟ್ಟಕ್ಕಿಂತ ತೀರ ಮೇಲೆದ್ದಿದ್ದರೆ, ರೋಗಿಯ ಮೇಲೆ ಇಟ್ಟ ಪೆನ್ಸಿಲಿಗೆ ಯಾರದೋ ಮೊಣಕೈ ತಗುಲಿ ಹೊದಿಕೆಯೂ ಚರ್ಮವೂ ಸುಡುವ ಅಪಾಯವಿದೆ. ಪೆನ್ಸಿಲನ್ನು ಇಡಲೆಂದು ಜೊತೆಗೆ ಬರುವ ಪ್ಲಾಸ್ಟಿಕ್ ಗೂಡನ್ನು ಬಳಸದೆ ಬಿಸಾಡುವ ಅಭ್ಯಾಸವನ್ನು ಯಾವ ಥಿಯೇಟರೂ ಸಹಿಸಬಾರದು.

ಬರಿ ಉಕ್ಕಿನ ತುದಿಗೆ ಸುಟ್ಟ ಅಂಗಾಂಶ ಬೇಗ ಅಂಟಿಕೊಂಡು ವಿದ್ಯುತ್ತಿಗೆ ಅಡ್ಡಿಯಾಗುತ್ತದೆ. ಆಗ ತುದಿಯನ್ನು ಶುಚಿ ಮಾಡುವ ಬದಲು ಯಂತ್ರದ ಶಕ್ತಿಯನ್ನೇ ಏರಿಸುವುದು ಸರಿಯಲ್ಲ. ಅಂಗಾಂಶ ಅಂಟದಂತೆ ಲೇಪನವಿರುವ ತುದಿಯನ್ನು ಒದ್ದೆ ಗಾಜ್ ಬಟ್ಟೆಯಿಂದ ಒರೆಸಿದರೆ ಸಾಕು, ಅದನ್ನು ತುದಿ ಉಜ್ಜುವ ಒರಟು ಪಟ್ಟಿಗೆ ತಿಕ್ಕಿದರೆ ಲೇಪನವೇ ಹೋಗುತ್ತದೆ. ತಂತಿ ಮೆತ್ತಗಿರಲಿ, ಗಡುಸಾದ ತಂತಿ ಮಣಿಕಟ್ಟನ್ನು ಎಳೆಯುತ್ತಲೇ ಇರುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಅಂಗಾಂಶ ಸುಡುವಾಗ ಏಳುವ ಹೊಗೆ. ಅದರಲ್ಲಿ ಬೆಂಜೀನ್, ಹೈಡ್ರೋಜನ್ ಸಯನೈಡ್‌ನಂಥ ವಿಷಗಳಿವೆ, ಸಾಮಾನ್ಯ ಸರ್ಜಿಕಲ್ ಮಾಸ್ಕ್ ಅವನ್ನು ತಡೆಯದು. ಹೊಗೆ ಹೀರುವ ಕೊಳವೆಯುಳ್ಳ ಪೆನ್ಸಿಲ್ ದಪ್ಪ, ಆಳವಾದ ಜಾಗದಲ್ಲಿ ನೋಟಕ್ಕೆ ಅಡ್ಡ ಬರುತ್ತದೆ ಎಂಬ ದೂರು ನಿಜ. ಆದರೂ ದಿನವಿಡೀ ಮೇಜಿನ ಪಕ್ಕ ನಿಲ್ಲುವ ನರ್ಸುಗಳ ಉಸಿರನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ದೊಡ್ಡ ಶಸ್ತ್ರಚಿಕಿತ್ಸೆಗಳಿಗಾದರೂ ಆಸ್ಪತ್ರೆಗಳು ಅದನ್ನೇ ಕೊಳ್ಳಬೇಕು.