ನಾಲ್ಕು ಬೆಲ್ಟಿನ ಅಡಿಕೆ ಸುಲಿಯುವ ಯಂತ್ರ: ಕೂಲಿ ಪುಸ್ತಕ ಬರೆಯುವವಳ ಅಭಿಪ್ರಾಯ

ಯಂತ್ರ ಚೆನ್ನಾಗಿದೆ. ಮೊದಲೇ ಹೇಳಿಬಿಡುತ್ತೇನೆ, ಮುಂದಿನದ್ದನ್ನು ಓದಿ ಇವಳು ಯಂತ್ರವೇ ಬೇಡ ಅನ್ನುತ್ತಿದ್ದಾಳೆ ಅಂದುಕೊಳ್ಳಬಾರದು. ಸಾಗರದ ಕಡೆ ನಮ್ಮದು ಎರಡೂವರೆ ಎಕರೆ ತೋಟ. ತೋಟದ ಉಸ್ತುವಾರಿ ನಮ್ಮನೆಯವರದ್ದು, ಕೂಲಿ ಲೆಕ್ಕದ ಪುಸ್ತಕ ಮದುವೆಯಾಗಿ ಬಂದಾಗಿನಿಂದ ನನ್ನದು. ಮೋಟರು, ಗೇರು, ಗ್ಯಾರಂಟಿ ವಿಷಯ ಬೇಕಾದವರಿಗೆ ಯೂಟ್ಯೂಬಿನಲ್ಲಿ ಬೇಕಾದಷ್ಟು ವಿಡಿಯೋ ಇವೆ.

ಅಡಿಕೆ ಬೆಳೆಯದವರಿಗೆ ಸ್ವಲ್ಪ ಹಿನ್ನೆಲೆ. ದಕ್ಷಿಣ ಕನ್ನಡದವರು ಚಾಲಿ, ಅಂದರೆ ಬಿಳಿ ಅಡಿಕೆ, ಮಾಡುವಾಗ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸಿಟ್ಟುಕೊಂಡು, ಬಿಡುವಾದಾಗ ಸುಲಿಯುತ್ತಾರೆ. ನಮ್ಮ ಕೆಂಪಡಿಕೆಗೆ ಆ ಸೌಕರ್ಯ ಇಲ್ಲ. ಕಾಯಿ ಹಸಿರಿರುವಾಗಲೇ ಕೊನೆ (ಅಡಿಕೆ ಗೊಂಚಲು) ಇಳಿಸಿ, ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ) ಬೇಯಿಸಿ, ತಟ್ಟಿಯ ಮೇಲೆ ಹರವಬೇಕು. ಮರ ಹತ್ತುವ ಕೊನೆಗೌಡ ಕೊಯ್ದು ಹಾಕಿದ್ದು ರಾಶಿ ಬಿದ್ದು ಕೂತರೆ ಬಣ್ಣ ಹೋಯಿತು, ಬಣ್ಣ ಹೋದರೆ ರೇಟು ಹೋಯಿತು. ಕೊಯ್ಲಿನ ದಿನಗಳಲ್ಲಿ ಮನೆಯಲ್ಲಿ ಇದೊಂದೇ ಮಾತು: ಸುಲಿಯೋಕೆ ಜನ ಬಂದ್ರಾ?

ಮೊದಲೆಲ್ಲ ಬರುತ್ತಿದ್ದರು. ಸಂಜೆ ಅಂಗಳದ ಚಪ್ಪರದಡಿ ಬಲ್ಬು ಹಾಕಿದರೆ ಹತ್ತು ಹನ್ನೆರಡು ಮೆಟ್ಟುಗತ್ತಿ ಸಾಲಾಗಿ ಕೂರುತ್ತಿದ್ದವು. ಕಾಲಲ್ಲಿ ಮಣೆ ಒತ್ತಿ ಹಿಡಿದು, ಕಾಯಿಯನ್ನು ಕತ್ತಿಯ ಮೂತಿಗೆ ಕೊಟ್ಟು ಒಂದು ಸಲ ತಿರುಗಿಸಿದರೆ ಅರ್ಧ ಸಿಪ್ಪೆ ಕಳಚಿತು, ಇನ್ನೊಂದು ಸಲಕ್ಕೆ ಅಡಿಕೆ ಬುಟ್ಟಿಗೆ. ಗಿರಿಜಕ್ಕ ಕತ್ತಿ ನೋಡುತ್ತಲೇ ಇರಲಿಲ್ಲ, ಪಕ್ಕದವರ ಜೊತೆ ಸೊಸೆಯ ದೂರು ಹೇಳುತ್ತಾ ಕೈ ತನ್ನಷ್ಟಕ್ಕೆ ಓಡುತ್ತಿತ್ತು. ರಾತ್ರಿ ಹನ್ನೊಂದಕ್ಕೆ ತೂಕ. ತೂಕದ ಮೇಲೆ ಕೂಲಿ. ನಾನು ಟೀ ಕೊಟ್ಟು ಪುಸ್ತಕ ಹಿಡಿದು ಕೂರುತ್ತಿದ್ದೆ.

ಈಗ ಯಂತ್ರದ ವಿಷಯ. ಎರಡು ಬೆಲ್ಟಿನದ್ದು, ನಾಲ್ಕು ಬೆಲ್ಟಿನದ್ದು ಅಂತ ಸಿಗುತ್ತವೆ, ನಾವು ನಾಲ್ಕರದ್ದು ತಂದೆವು. ದುಡ್ಡು ಲಕ್ಷ ದಾಟಿತು. ಮೇಲಿನ ತೊಟ್ಟಿಗೆ ಕಾಯಿ ಸುರಿದರೆ ಚೈನಿನ ಬಟ್ಟಲುಗಳು ಒಂದೊಂದನ್ನೇ ಎತ್ತಿಕೊಂಡು ಹೋಗಿ ಹಲ್ಲಿನ ಚಕ್ರಕ್ಕೆ ಕೊಡುತ್ತವೆ, ಸ್ಪ್ರಿಂಗು ಒತ್ತಿ ಹಿಡಿಯುತ್ತದೆ, ಹಲ್ಲು ಸಿಪ್ಪೆ ಹರಿಯುತ್ತದೆ. ಇಡೀ ಸಂಜೆ ಅಂಗಳ ತುಂಬ ಜನ ಕೂತು ಮಾಡುತ್ತಿದ್ದ ಕೆಲಸ ಊಟದ ಹೊತ್ತಿಗೆ ಮುಗಿದಿರುತ್ತದೆ. ಬೇಯಿಸುವ ಹಂಡೆಗೆ ಅದೇ ದಿನ ಬೆಂಕಿ ಹಾಕಬಹುದು. ಈ ಸಲ ನಮ್ಮ ರಾಶಿಯ (ಕೆಂಪಡಿಕೆಯ ಮಾಮೂಲಿ ದರ್ಜೆಗೆ ಹಾಗನ್ನುತ್ತಾರೆ) ಬಣ್ಣ ಹಿಂದಿನ ವರ್ಷಗಳಿಗಿಂತ ಮೇಲು, ಅದು ಯಂತ್ರದ ಪುಣ್ಯವೇ.

ದೋಷಗಳೂ ಇವೆ. ಒಂದೇ ಗಾತ್ರದ ಕಾಯಿ ಕೊಟ್ಟರೆ ಮಾತ್ರ ಅದಕ್ಕೆ ಸಮಾಧಾನ. ದಪ್ಪದ್ದು ಬಂದರೆ ಅಡಿಕೆಗೇ ಹಲ್ಲು ಕಚ್ಚಿ ಗಾಯ ಮಾಡುತ್ತದೆ, ಸಣ್ಣದು ಅರ್ಧ ಸಿಪ್ಪೆಯಲ್ಲೇ ಜಾರಿ ಹೊರಗೆ ಬೀಳುತ್ತದೆ. ಗಾಯದ ಅಡಿಕೆ ಬೆಂದ ಮೇಲೆ ಬಿರುಕು ಬಿಟ್ಟುಕೊಂಡು ಕಾಣುತ್ತದೆ, ಅಡಿಕೆ ಕೊಳ್ಳುವ ಮಂಡಿಯವರ ಕಣ್ಣಿಗೆ ಅದು ಮೊದಲು ಬೀಳುತ್ತದೆ. ಎಳೆಕಾಯಿಗಂತೂ ನಮ್ಮ ಯಂತ್ರ ಆಗಿಬರಲೇ ಇಲ್ಲ. ದಿನದ ಕೊನೆಗೆ ತೊಳೆಯದಿದ್ದರೆ ಒಗರಿನ ರಸ ಅಂಟಾಗಿ ಕೂತು ಮರುದಿನ ಚೈನು ಬಿಗಿಯುತ್ತದೆ. ಸಿಂಗಲ್ ಫೇಸಿನಲ್ಲಿ ಓಡುತ್ತದೆ ಅನ್ನುವುದು ನಿಜ, ಆದರೆ ನಮ್ಮೂರಿನ ಸಂಜೆಯ ವೋಲ್ಟೇಜಿನಲ್ಲಿ ಅದು ಓಡುವುದಿಲ್ಲ, ನರಳುತ್ತದೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ಒಂದು ದೊಡ್ಡ ತಕರಾರು ಕಂಪನಿಯವರ ಮೇಲೆ. ಯಂತ್ರ ಇಳಿಸಲು ಬಂದ ಹುಡುಗ ಚೈನಿನ ಮೇಲಿನ ತಗಡಿನ ಮುಚ್ಚಳ ಬಿಚ್ಚಿ ಗೋಡೆಗೆ ಒರಗಿಸಿದ. "ಇದಿದ್ರೆ ಸಿಪ್ಪೆ ಕಟ್ಕಳತ್ತೆ ಅಮ್ಮಾ, ಎಲ್ಲರೂ ತೆಗೆದೇ ಓಡಿಸ್ತಾರೆ" ಅಂದ. ಅದರ ಪಕ್ಕದಲ್ಲೇ ಕೂತು ಅಡಿಕೆ ಆರಿಸುವವರು ಹೆಂಗಸರು, ಮೈಮೇಲೆ ಸೀರೆ, ಸೆರಗು. ನಾನು ಮುಚ್ಚಳ ಹಾಕಿಸಿದೆ. ಸಿಪ್ಪೆ ಕಟ್ಟಿಕೊಳ್ಳುವುದು ಹೌದು, ಆಗಾಗ ನಿಲ್ಲಿಸಿ ತೆಗೆಯುತ್ತೇವೆ. ನಿಧಾನವಾದರೆ ಆಗಲಿ. ನಮ್ಮ ಅಂಗಳದಲ್ಲಿ ಯಾರದ್ದಾದರೂ ಬೆರಳು ಹೋದರೆ ಆ ಹುಡುಗ ಬರುತ್ತಾನೆಯೇ?

ಇನ್ನು ಪುಸ್ತಕ. ಯಂತ್ರ ಬಂದ ವರ್ಷದ ಪುಟಕ್ಕೂ ಹಿಂದಿನ ವರ್ಷದ್ದಕ್ಕೂ ಹೋಲಿಸಿ ನೋಡಿದೆ. ಸುಲಿಯುವ ಕೂಲಿ ಎದ್ದು ಕಾಣುವಷ್ಟು ಇಳಿದಿದೆ. ನಮ್ಮನೆಯವರು ಅದನ್ನು ಉಳಿತಾಯ ಅಂದರು. ಹೆಸರುಗಳ ಮೇಲೆ ಬೆರಳಾಡಿಸಿದಾಗ ನನಗೆ ಬೇರೆ ಏನೋ ಕಾಣಿಸಿತು. ಯಂತ್ರ ಜನರ ಕೆಲಸ ಕಿತ್ತುಕೊಂಡಿತು ಅಂತ ಸುಮ್ಮನೆ ಹೇಳಿದರೆ ಸುಳ್ಳಾಗುತ್ತದೆ. ಗಿರಿಜಕ್ಕನ ಮಗಳು ಮೆಟ್ಟುಗತ್ತಿ ಬಿಟ್ಟು ಶಿವಮೊಗ್ಗದ ಗಾರ್ಮೆಂಟ್ಸಿಗೆ ಹೋಗಿ ಎಷ್ಟೋ ಕಾಲವಾಯಿತು, ಹೋಗಿದ್ದು ಒಳ್ಳೆಯದೇ. ಪ್ರಾಯದವರು ಬರದೆ ಹೋದದ್ದಕ್ಕೇ ನಾವು ಯಂತ್ರ ತಂದದ್ದು. ಆದರೆ ಬರುವುದನ್ನು ಬಿಡದೆ ಉಳಿದಿದ್ದವರು ಯಾರು? ಮಂಡಿನೋವಿನವರು, ಗಂಡ ತೀರಿಕೊಂಡವರು, ಗದ್ದೆಯಲ್ಲಿ ಬಗ್ಗಲಾರದವರು, ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರಲಾರದವರು. ಕೂತು ಮಾಡುವ ಕೂಲಿ ಅಂತ ಊರಿನಲ್ಲಿ ಇದ್ದದ್ದು ಇದೊಂದೇ. ಯಂತ್ರ ಬಂದು ಬಿದ್ದದ್ದು ಅವರ ಮೇಲೆ.

ಕೈಸುಲಿತದ ಕಾಲವೇ ಚೆನ್ನಾಗಿತ್ತು ಅಂತ ಹಾಡುವವರಿಗೂ ಈ ಪುಸ್ತಕ ತೋರಿಸಬೇಕು. ಗಿರಿಜಕ್ಕನಂಥ ಕೈಗೆ ತೂಕದ ಲೆಕ್ಕ ಒಳ್ಳೆಯದು. ಕಣ್ಣಿಗೆ ಪೊರೆ ಬಂದ ಅವಳ ಅತ್ತೆಗೆ? ಅದೇ ಹೊತ್ತು ಕೂತು, ಅರ್ಧ ತೂಕ, ಅರ್ಧ ದುಡ್ಡು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ, ಆ ಮುದುಕಿಗೆ ನಮ್ಮ ಅಂಗಳದಲ್ಲಿ ಅಷ್ಟು ಹುಟ್ಟುತ್ತಿರಲಿಲ್ಲ. ರಾಶಿ ಕ್ವಿಂಟಲಿಗೆ ಐವತ್ತು ಸಾವಿರ ದಾಟಿದ ಮೇಲೂ. ವಕೀಲಿಕೆ ಮಾಡುವ ನಮ್ಮ ಭಾವ ಒಂದು ದಿನ ಮಾತಿಗೆ ಹೇಳಿದರು: ತೂಕದ ಲೆಕ್ಕದಲ್ಲಿ ಕೆಲಸ ಮಾಡಿಸಿದರೂ ಆ ಕೆಲಸಕ್ಕೆ ಕನಿಷ್ಠ ದಿನಗೂಲಿ ಗೊತ್ತುಮಾಡಿದ್ದರೆ ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ, 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಇತ್ತು, ಈಗಿನ ವೇತನ ಸಂಹಿತೆಯಲ್ಲೂ ಇದೆ ಅಂತ. ನಮ್ಮನೆಯವರು ಕವಳ ಹಾಕಿಕೊಳ್ಳಲು ಎದ್ದು ಹೋದರು.

ಸರ್ಕಾರದ್ದೂ ಒಂದು ಚಂದ. ಕೃಷಿ ಯಾಂತ್ರೀಕರಣಕ್ಕೆ ಸಹಾಯಧನ ಇದೆ, ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ಹೋದರೆ ಅರ್ಜಿ ತೆಗೆದುಕೊಳ್ಳುತ್ತಾರೆ. ಅದೇ ಯಂತ್ರದಿಂದ ಮನೆಯಲ್ಲಿ ಕೂತವಳು ಹೋಗಿ ಕೇಳಲು ಕಿಟಕಿಯೇ ಇಲ್ಲ. ಅವಳ ಹತ್ತಿರ ಪಹಣಿಯೂ ಇಲ್ಲ. ಅಂದ ಮೇಲೆ ಅವಳು ಕೇಳುವುದು ನನ್ನನ್ನೇ. ಕೊಯ್ಲು ಶುರುವಾದ ಮಾರನೇ ದಿನ ಗಿರಿಜಕ್ಕ ಹಿತ್ತಿಲ ಬಾಗಿಲಿಗೆ ಬಂದಳು. "ಈ ಸಲ ನಮ್ಮನ್ನ ಕರೆಯೋದೇ ಇಲ್ವೇನ್ರಮ್ಮಾ? ಮಿಷಿನ್ನು ಚಾ ಕುಡಿಯಲ್ಲ ಅಂತಾನಾ?"

ನಗೆ ಬಂತು, ಉತ್ತರ ಬರಲಿಲ್ಲ. ಆ ರಾತ್ರಿ ಮನೆಯಲ್ಲಿ ಸ್ವಲ್ಪ ಜಗಳವೇ ಆಯಿತು. ಕೊನೆಗೆ ಆದದ್ದು ಇದು: ಯಂತ್ರದಿಂದ ಬಿದ್ದದ್ದನ್ನು ಆರಿಸಿ, ಅರ್ಧ ಸಿಪ್ಪೆಯದ್ದನ್ನು ಮೆಟ್ಟುಗತ್ತಿಯಲ್ಲಿ ಸರಿಮಾಡಲು ಹೇಗೂ ನಾಲ್ಕು ಜನ ಬೇಕು. ಅದಕ್ಕೆ ಹಳಬರನ್ನೇ ಕರೆಯುವುದು, ತೂಕವಿಲ್ಲ, ದಿನದ ಲೆಕ್ಕ, ಊರಿನಲ್ಲಿ ಗಂಡಾಳಿಗೆ ಎಷ್ಟೋ ಅಷ್ಟೇ. ಎಳೆಕಾಯಿಯ ಕೊನೆಗಳನ್ನು ಬೇರೆ ಇಟ್ಟು ಕೈಯಲ್ಲೇ ಸುಲಿಸಿ ಸರಕು ಅನ್ನುವ ಮೇಲ್ದರ್ಜೆಯ ಅಡಿಕೆ ಮಾಡಿಸುವುದು. ಸರಕಿಗೆ ಮಂಡಿಯಲ್ಲಿ ರಾಶಿಗಿಂತ ಒಳ್ಳೆಯ ಬೆಲೆ, ಹಾಗಾಗಿ ಇದನ್ನು ಧರ್ಮ ಅಂತ ಯಾರೂ ಹೊಗಳಬೇಕಾಗಿಲ್ಲ. ಮೊದಲು ಬರುತ್ತಿದ್ದವರಿಗೆಲ್ಲ ಇದರಲ್ಲಿ ಜಾಗ ಸಿಕ್ಕಿಲ್ಲ. ಅರ್ಧದಷ್ಟು ಜನಕ್ಕೆ ಸಿಕ್ಕಿದೆ. ಉಳಿದವರ ಹೆಸರೂ ಪುಸ್ತಕದಲ್ಲಿದೆ. ಉಳಿದ ದುಡ್ಡಿನಲ್ಲಿ ಅವರಿಗೆ ಏನು ಸಲ್ಲಬೇಕು ಅನ್ನುವ ಮಾತು ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ. ಹಬ್ಬಕ್ಕೆ ಸೀರೆ ಕೊಟ್ಟರಾಯಿತು ಅನ್ನುತ್ತಾರೆ ಇವರು. ಸೀರೆ ಕೂಲಿ ಆಗುವುದಿಲ್ಲ ಅನ್ನುತ್ತೇನೆ ನಾನು.

ಯಂತ್ರಕ್ಕೆ ಐದಕ್ಕೆ ನಾಲ್ಕು, ಕಂಪನಿಯ ಸರ್ವಿಸಿಗೆ ಎರಡು. ಹಲ್ಲು ಸವೆದು ಫೋನ್ ಮಾಡಿದರೆ ಕೊಯ್ಲಿನ ನಡುವೆ "ನಾಳೆ ಬರ್ತೀವಿ" ಅನ್ನುವುದೇ ಆಯಿತು. ಕೊಳ್ಳುವವರು ದೀಪಾವಳಿಗೆ ಮುಂಚೆಯೇ ತನ್ನಿ, ಒಂದು ಸೆಟ್ಟು ಹಲ್ಲು ಮತ್ತು ಸ್ಪ್ರಿಂಗು ಬಿಲ್ಲಿನಲ್ಲೇ ಸೇರಿಸಿ ಕೇಳಿ. ಅಂಗಡಿಯಲ್ಲಿ ಅವರು ಆರಿಸಿಟ್ಟ ಕಾಯಿಯಲ್ಲಿ ತೋರಿಸುವುದನ್ನು ನಂಬದೆ, ನಿಮ್ಮ ತೋಟದ ಎರಡು ಚೀಲ ಒಯ್ದು ಸುರಿಯಿರಿ. ಮುಚ್ಚಳ ಹಾಕಿಯೇ ಓಡಿಸಿ ತೋರಿಸಲು ಹೇಳಿ. ಎರಡೂವರೆ ಎಕರೆಗಿಂತ ಕಡಿಮೆ ಇದ್ದವರು ಕೊಳ್ಳುವುದೇ ಬೇಡ, ಪಿಕಪ್ಪಿನಲ್ಲಿ ಮನೆಬಾಗಿಲಿಗೆ ಬಾಡಿಗೆಗೆ ತರುವವರಿದ್ದಾರೆ.