ಆಯಿಲ್ ಪ್ಯಾನ್ ಸೋರುತ್ತಿದೆ ಅಂತ ಗಾಡಿ ಗ್ಯಾರೇಜಿಗೆ ಬಿಡೋ ಮುಂಚೆ ಇದನ್ನೊಮ್ಮೆ ಓದಿ

ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲೋ ಪ್ಯಾನ್ ಬಿಚ್ಚಿಲ್ಲ. ಅದರ ಸಂದಿ ಮುಚ್ಚೋ ಪ್ಯಾಕಿಂಗ್ ಬದಲಾಯಿಸಿಲ್ಲ. ಆಯಿಲ್ ಕೂಡ ಬದಲಾಯಿಸಿಲ್ಲ. ಗ್ಯಾರೇಜಿನವರ ಬಿಲ್ಲಿನಲ್ಲಿ ಮಾತ್ರ ಮೂರೂ ಇವೆ. ನಾನು ದುಡ್ಡು ಕೊಟ್ಟು, ಮೇಲೆ ಥ್ಯಾಂಕ್ಸ್ ಬೇರೆ ಹೇಳಿ ಬಂದಿದ್ದೇನೆ. ಇದನ್ನು ಬರೆಯೋಕೇ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಹಳೇ ಕಾರು ಇಟ್ಟುಕೊಂಡ ಇನ್ನೊಬ್ಬರ ಕಿವಿ ಮೇಲೆ ಇವರು ಹೂ ಇಡಬಾರದು ಅಂತ.

ನನ್ನದು ಹಳೇ ಪೆಟ್ರೋಲ್ ಕಾರು. ನಿಲ್ಲಿಸಿದ ಕಡೆಯಲ್ಲೆಲ್ಲ ಆಯಿಲ್ ಕಲೆ ಬೀಳೋಕೆ ಶುರುವಾಗಿತ್ತು. ಗ್ಯಾರೇಜಿನವನು ಬಗ್ಗಿ ಕೆಳಗೆ ಟಾರ್ಚ್ ಬಿಟ್ಟ, ಎದ್ದು ನಿಂತ, 'ಆಯಿಲ್ ಪ್ಯಾನ್ ಪ್ಯಾಕಿಂಗ್ ಹೋಗಿದೆ ಸರ್' ಅಂದ. ಒರೆಸಿ ನೋಡಲಿಲ್ಲ, ಬಾನೆಟ್ ಎತ್ತಲಿಲ್ಲ. ಸೈಲೆನ್ಸರಿನ ಮುಂದಿನ ಪೈಪ್ ಪ್ಯಾನ್ ಅಡಿಯಲ್ಲೇ ಹೋಗುತ್ತೆ, ಅದನ್ನು ಇಳಿಸಬೇಕು, ಆಯಿಲ್ ಪೂರ್ತಿ ಖಾಲಿ ಮಾಡಬೇಕು, ಪ್ಯಾನ್ ಕೆಳಗಿಳಿಸಿ ಹಳೇ ಪ್ಯಾಕಿಂಗ್ ಕೆರೆದು ಹೊಸದು ಕೂರಿಸಬೇಕು, ಆಮೇಲೆ ಹೊಸ ಆಯಿಲ್, ಹೊಸ ಫಿಲ್ಟರ್. ಒಂದು ಇಡೀ ದಿನದ ಕೆಲಸ, ಲೇಬರ್ ಜಾಸ್ತಿ ಆಗುತ್ತೆ ಅಂದ. ಈ ಮಾತಲ್ಲಿ ಸುಳ್ಳೇನೂ ಇಲ್ಲ. ಕೆಲಸ ನಿಜವಾಗಿ ಮಾಡಿದರೆ ಹಾಗೇ ಮಾಡಬೇಕು. ಅದಕ್ಕೇ ನಂಬಿದೆ.

ಸಂಜೆ ಗಾಡಿ ವಾಪಸ್ ತೆಗೆದುಕೊಂಡಾಗ ಇಂಜಿನ್ ಅಡಿಯೆಲ್ಲ ತೊಳೆದು ಫಳಫಳ ಅಂತಿತ್ತು. ಪ್ಯಾನ್ ಅಂಚಿನ ಸುತ್ತ ಸಂದಿ ಮುಚ್ಚೋ ಕಪ್ಪು ಸಿಲಿಕಾನ್ ಅಂಟು, ಹೊಸದಾಗಿ ಮಿನುಗುತ್ತಿತ್ತು. 'ನೋಡಿ ಸರ್, ಇನ್ನು ನಿಮಗೆ ಯೋಚನೆನೇ ಇಲ್ಲ' ಅಂದ. ಹಳೇ ಪ್ಯಾಕಿಂಗ್ ಎಲ್ಲಿ ಅಂತ ಕೇಳಿದೆ. 'ಅದು ಪುಡಿಪುಡಿ ಆಗಿತ್ತು ಸರ್, ಎಸೆದುಬಿಟ್ವಿ.'

ಕೆಲವೇ ದಿನ. ಮತ್ತೆ ಅದೇ ಜಾಗದಲ್ಲಿ ಅದೇ ಕಲೆ.

ಫೋನ್ ಮಾಡಿದೆ. 'ಹಳೇ ಆಯಿಲ್ ಸಂದಿಯಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ, ಇಂಜಿನ್ ಬಿಸಿಗೆ ಇಳಿಯುತ್ತೆ, ತಾನೇ ನಿಲ್ಲುತ್ತೆ' ಅಂದ. ಇರಬಹುದು ಅಂತ ಕಾದೆ. ನಿಲ್ಲಲಿಲ್ಲ. ಮಟ್ಟ ಎಷ್ಟು ಇಳಿದಿದೆ ನೋಡೋಣ ಅಂತ ಬಾನೆಟ್ ಎತ್ತಿ ಡಿಪ್ ಸ್ಟಿಕ್ ಹೊರಗೆಳೆದೆ. ಆವಾಗ ಹೊಟ್ಟೆಯಲ್ಲಿ ಏನೋ ಆಯಿತು. ಕಡ್ಡಿಯ ತುದಿಯಲ್ಲಿ ಆಯಿಲ್ ಕಪ್ಪಗಿತ್ತು. ಬಟ್ಟೆಗೆ ಒರೆಸಿದೆ, ಮತ್ತೆ ಹಾಕಿ ತೆಗೆದೆ. ಕಪ್ಪೇ. ಪ್ಯಾನ್ ಬಿಚ್ಚಬೇಕಾದರೆ ಆಯಿಲ್ ಖಾಲಿ ಮಾಡಲೇಬೇಕು, ಬೇರೆ ದಾರಿನೇ ಇಲ್ಲ. ಖಾಲಿ ಮಾಡಿ ಹೊಸದು ಹಾಕಿದ್ದರೆ ಇಷ್ಟು ಬೇಗ ಕಪ್ಪಾಗೋಕೆ ಇದು ಡೀಸೆಲ್ ಗಾಡಿ ಅಲ್ಲ. ಪೆಟ್ರೋಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಸ್ವಲ್ಪ ಕಾಲ ಜೇನಿನ ಬಣ್ಣದಲ್ಲೇ ಇರುತ್ತೆ. ಇದು ಟಾರ್ ಬಣ್ಣ.

ನೇರ ಅಲ್ಲಿಗೇ ಹೋದೆ. ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನೀವೇ ನೋಡಿ.

ಮೊದಲು: 'ಹಳೇ ಇಂಜಿನ್ ಸರ್, ಹಾಕಿದ ತಕ್ಷಣ ಕಪ್ಪಾಗಿಬಿಡುತ್ತೆ.' ಪೆಟ್ರೋಲ್ ಗಾಡಿ ಕಣಪ್ಪಾ ಅಂದೆ. ಆಗ: 'ನಿಮ್ಮ ಆಯಿಲ್ ಚೆನ್ನಾಗೇ ಇತ್ತು, ಸೋಸಿ ಅದನ್ನೇ ಹಾಕಿದ್ವಿ, ನಿಮಗೇ ಉಳಿತಾಯ ಅಲ್ವಾ?' ಉಳಿತಾಯವಂತೆ! ಬಿಲ್ ತೋರಿಸಿದೆ, ಅದರಲ್ಲಿ ಹೊಸ ಆಯಿಲ್ ಲೀಟರ್ ಲೆಕ್ಕದಲ್ಲಿ ಬರೆದಿದೆ. 'ಅದು ಬಿಲ್ ಬರೆಯೋ ಹುಡುಗ ಹೊಸಬ.' ಫಿಲ್ಟರ್ ತೋರಿಸಿ ಅಂದೆ. ಫಿಲ್ಟರ್ ಮೇಲೆ ಹಿಂದಿನ ಸರ್ವೀಸಿನಲ್ಲಿ ಬೇರೆ ಕಡೆ ಮಾರ್ಕರ್‌ನಲ್ಲಿ ಬರೆದ ಕಿಲೋಮೀಟರ್ ಹಾಗೇ ಇತ್ತು, ಅಂಕಿಗಳ ಮೇಲೆ ಧೂಳು ಕೂತಿತ್ತು. ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಅವನ ಮಾತು ಕೇಳಿ: 'ಪ್ಯಾನ್ ಬಿಚ್ಚೋಕೆ ಫಿಲ್ಟರ್ ಬಿಚ್ಚೋದು ಬೇಕಿಲ್ಲ ಸರ್.' ಬೇಕಿಲ್ಲ ಸರಿ, ದುಡ್ಡು ಯಾಕೆ ತಗೊಂಡೆ? 'ಸ್ಟಾಕ್ ಇರಲಿಲ್ಲ, ಮುಂದಿನ ಸಲ ಬಂದಾಗ ಹಾಕಿಕೊಡ್ತೀವಿ.'

ಅಲ್ಲಿ ಇನ್ನೂ ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಅವರೆಲ್ಲ ನನ್ನನ್ನೇ ನೋಡುತ್ತಿದ್ದರು, ಅವನನ್ನಲ್ಲ. ಜಗಳಗಂಟ ನಾನೇ ಅನ್ನೋ ಹಾಗೆ.

ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಒಯ್ದೆ. ಲಿಫ್ಟ್ ಮೇಲೆ ಏರಿಸಿ ನನ್ನನ್ನೂ ಕೆಳಗೆ ಕರೆದ. ಸೈಲೆನ್ಸರ್ ಪೈಪಿನ ನಟ್ಟುಗಳನ್ನು ಬೆರಳಿಟ್ಟು ತೋರಿಸಿದ. ತುಕ್ಕು ಹಿಡಿದು ಕೆಂಪಗಿವೆ. ಪಾನಾ ಹಾಕಿದ್ದರೆ ಮೂಲೆಗಳಲ್ಲಿ ಲೋಹ ಹೊಳೆಯಬೇಕಿತ್ತು, ಒಂದರಲ್ಲೂ ಇಲ್ಲ. ಈ ಪೈಪ್ ಇಳಿಸದೆ ನನ್ನ ಗಾಡಿಯ ಪ್ಯಾನ್ ಹೊರಗೆ ಬರೋದೇ ಇಲ್ಲ. ಪ್ಯಾನ್ ಬೋಲ್ಟ್ ತಲೆಗಳ ಮೇಲೂ ಸಿಲಿಕಾನ್ ಹರಿದಿತ್ತು. ಉಗುರಿನಿಂದ ಅಂಚು ಎತ್ತಿ ಎಳೆದ, ಗಾಯದ ಪಟ್ಟಿ ಕಿತ್ತಂತೆ ಉದ್ದಕ್ಕೆ ಎದ್ದು ಬಂತು. ಕೆಳಗೆ ಹಳೇ ಕಾರ್ಕ್ ಪ್ಯಾಕಿಂಗ್ ಇತ್ತು. ಪುಡಿಪುಡಿ ಆಗಿತ್ತು, ಎಸೆದುಬಿಟ್ವಿ ಅಂದಿದ್ದನಲ್ಲ, ಅದೇ. ನನ್ನ ಮೂಗಿಗೆ ತುಪ್ಪ ಸವರಿ ಕಳಿಸಿದ್ದಾನೆ, ಪ್ಯಾನಿಗೆ ಸಿಲಿಕಾನ್ ಸವರಿ.

ಹೊರಗಿಂದ ಹಚ್ಚಿದ ಸಿಲಿಕಾನ್ ನಿಲ್ಲೋದಿಲ್ಲ. ಲೋಹದ ಮೇಲೆ ಆಯಿಲ್ ಪಸೆ ಇದ್ದರೆ ಅದು ಕಚ್ಚಿಕೊಳ್ಳೋದೇ ಇಲ್ಲ. ಪ್ಯಾನ್ ಬಿಚ್ಚಿ ಸರಿಯಾಗಿ ಹಚ್ಚಿದರೂ ಪೂರ್ತಿ ಗಟ್ಟಿಯಾಗೋಕೆ ಸಾಮಾನ್ಯವಾಗಿ 24 ಗಂಟೆ ಬೇಕು. ನನ್ನ ಗಾಡಿಯನ್ನು ಅದೇ ಸಂಜೆ ಸ್ಟಾರ್ಟ್ ಮಾಡಿ ಕೈಗೆ ಕೊಟ್ಟಿದ್ದರು! ಬಿಚ್ಚಿ ಒಳಗೆ ಬೇಕಾಬಿಟ್ಟಿ ಮೆತ್ತಿದ್ದರೆ ಇನ್ನೂ ಕೆಟ್ಟದ್ದಾಗುತ್ತಿತ್ತಂತೆ. ಹೆಚ್ಚಾದ ಸಿಲಿಕಾನ್ ಒಳಕ್ಕೆ ಉದುರಿ ಆಯಿಲ್ ಹೀರೋ ಜಾಲರಿಗೆ ಅಡ್ಡ ಕೂತರೆ ಆಯಿಲ್ ಪ್ರೆಶರ್ ಕುಸಿದು ಇಂಜಿನ್ನೇ ಹೋಗುತ್ತೆ. ಅವರ ಸೋಮಾರಿತನ ನನ್ನ ಇಂಜಿನ್ ಉಳಿಸಿದೆ, ಅಷ್ಟರ ಮಟ್ಟಿಗೆ ಅವರಿಗೆ ಕೃತಜ್ಞ.

ಹೊಟ್ಟೆ ಉರಿಯೋ ವಿಷಯ ಇನ್ನೂ ಇದೆ. ಪ್ಯಾನ್ ಸೋರುತ್ತಲೇ ಇರಲಿಲ್ಲ. ಎರಡನೇ ಮೆಕ್ಯಾನಿಕ್ ಇಂಜಿನ್ ಪೂರ್ತಿ ತೊಳೆದು ಒಣಗಿಸಿ, ಸ್ಟಾರ್ಟ್ ಮಾಡಿಟ್ಟು, ಮೇಲಿನಿಂದ ಟಾರ್ಚ್ ಹಿಡಿದು ನೋಡುತ್ತಾ ನಿಂತ. ಇಂಜಿನ್ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನ ಹಿಂಭಾಗದಲ್ಲಿ ಸಣ್ಣ ಗೆರೆಯಂತೆ ಆಯಿಲ್ ಒಸರೋಕೆ ಶುರುವಾಯಿತು. ಅಲ್ಲಿಂದ ಇಂಜಿನ್ ಮೈಮೇಲೆ ಇಳಿದು, ಪ್ಯಾನ್ ಅಂಚಿನಲ್ಲಿ ಸೇರಿ, ಅಲ್ಲಿಂದ ತೊಟ್ಟಿಕ್ಕುತ್ತದೆ. ಆಯಿಲ್ ಎಲ್ಲಿಂದ ಸೋರಿದರೂ ಕೊನೆಗೆ ಸೇರೋದು ಕೆಳಗಿನ ಪ್ಯಾನಿಗೇ ಅಲ್ವಾ. ಟ್ಯಾಪೆಟ್ ಕವರ್ ರಬ್ಬರ್ ಕೈಯಲ್ಲಿ ಮುರಿದರೆ ಲಟ್ ಅನ್ನುವಷ್ಟು ಗಟ್ಟಿಯಾಗಿತ್ತು. ಅದನ್ನು ಬದಲಾಯಿಸೋಕೆ ಗಾಡಿ ಕೆಳಗೆ ಹೋಗೋದೇ ಬೇಡ, ಆಯಿಲ್ ಇಳಿಸೋದೂ ಬೇಡ. ಇಂಜಿನ್ ಒಳಗಿನ ಗಾಳಿ ಹೊರಬರೋ ಪಿಸಿವಿ ವಾಲ್ವ್ ಕಟ್ಟಿದ್ದರೂ ಒತ್ತಡ ಹೆಚ್ಚಾಗಿ ಪ್ಯಾಕಿಂಗ್‌ಗಳಿಂದ ಆಯಿಲ್ ಹೊರಗೆ ತಳ್ಳುತ್ತೆ ಅಂತ ಅದನ್ನೂ ನೋಡಿದ. ಚಿಕ್ಕ ಬಿಲ್. ಹಳೇ ರಬ್ಬರ್ ಕೇಳದೇ ಕೈಗೆ ಕೊಟ್ಟ.

ಆದ್ದರಿಂದ, ಯಾರಾದರೂ ಬಗ್ಗಿ ನೋಡಿದ ಕೂಡಲೇ ಪ್ಯಾನ್ ಅಂದರೆ, ಮೊದಲು ತೊಳೆದು, ಇಂಜಿನ್ ಓಡಿಸಿ, ಸೋರೋ ಜಾಗ ತೋರಿಸು ಅನ್ನಿ. ತೋರಿಸಲ್ಲ ಅಂದರೆ ಗಾಡಿ ಬಿಡಬೇಡಿ. ಬಿಡೋ ಮುಂಚೆ ಫಿಲ್ಟರ್, ಪೈಪ್ ನಟ್ಟು, ಪ್ಯಾನ್ ಬೋಲ್ಟ್ ಫೋಟೋ ತೆಗೆದುಕೊಳ್ಳಿ. ಹಳೇ ಪ್ಯಾಕಿಂಗ್ ಕೈಗೆ ಬರದೆ ದುಡ್ಡು ಕೊಡಬೇಡಿ. ಡಿಪ್ ಸ್ಟಿಕ್ ಅಲ್ಲೇ, ಅವರ ಮುಂದೆಯೇ ಎಳೆದು ನೋಡಿ. ಮುಖ ಸಪ್ಪೆ ಮಾಡಿಕೊಂಡರೆ ಮಾಡಿಕೊಳ್ಳಲಿ.

ಫೋಟೋಗಳನ್ನೆಲ್ಲ ಮೊದಲ ಗ್ಯಾರೇಜಿಗೆ ಕಳಿಸಿ ದುಡ್ಡು ವಾಪಸ್ ಕೇಳಿದೆ. ಸಿಲಿಕಾನ್ ಕಿತ್ತ ಫೋಟೋ ನೋಡಿ ಬಂದ ಉತ್ತರ: 'ಬೇರೆಯವರ ಹತ್ತಿರ ಕೈ ಹಾಕಿಸಿದ್ದೀರ, ಇನ್ನು ನಮ್ಮ ವಾರಂಟಿ ಇಲ್ಲ. ಬೇಕಿದ್ದರೆ ತನ್ನಿ, ಇನ್ನೊಂದು ಕೋಟ್ ಫ್ರೀಯಾಗಿ ಹಾಕಿಕೊಡ್ತೀವಿ.'