ಸೋಫಾ ಕೊಟ್ಟೋರೂ ಅವರೇ, ಮಾವನವರನ್ನ ಕಳಿಸಿಕೊಟ್ಟೋರೂ ಅವರೇ: ನಮ್ಮ ಚಿಕ್ಕ ಊರಿನ ಒಂದು ಫ್ಯಾಮಿಲಿ ಅಂಗಡಿ ಬಗ್ಗೆ

ನಾವಿರೋದು ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ, ಸುತ್ತಲೂ ಮೆಕ್ಕೆಜೋಳದ ಹೊಲ ಇರೋ ಒಂದು ಸಣ್ಣ ಊರಲ್ಲಿ. ಇಲ್ಲಿ ಮೇನ್ ಸ್ಟ್ರೀಟ್‌ನಲ್ಲಿ ಒಂದು ಅಂಗಡಿ ಇದೆ, ಬೋರ್ಡಲ್ಲಿ ಮನೆತನದ ಹೆಸರು, ಅದರ ಪಕ್ಕಕ್ಕೆ ಫರ್ನಿಚರ್ ಆಂಡ್ ಫ್ಯೂನರಲ್ ಹೋಮ್ ಅಂತ, ಅಂದ್ರೆ ಮೇಜು ಕುರ್ಚಿ ಮಾರೋದೂ ಅಲ್ಲೇ, ಸತ್ತೋರ ಅಂತ್ಯಕ್ರಿಯೆ ಮಾಡಿಸ್ಕೊಡೋದೂ ಅಲ್ಲೇ. ಹೌದು, ಎರಡೂ ಒಂದೇ ಮನೆಯವರು ನಡೆಸೋದು. ಮುಂದಿನ ಬೀದಿಗೆ ಫರ್ನಿಚರ್ ಶೋರೂಮ್, ಹಿಂದಿನ ಬೀದಿಗೆ ಮುಖ ಮಾಡ್ಕೊಂಡು ಫ್ಯೂನರಲ್ ಹೋಮ್, ಮಧ್ಯೆ ಒಂದು ಪಾರ್ಕಿಂಗ್ ಜಾಗ ಅಷ್ಟೇ. ಅಂಗಡಿ ಹೆಸರು ಹಾಕ್ತಿಲ್ಲ, ಅವರ ಮನೆಯವರ ಬಗ್ಗೆ ಇಷ್ಟೊಂದು ಬರೀತಾ ಇರೋದ್ರಿಂದ ಅದು ಸರಿ ಅನ್ಸಲ್ಲ. ಐಯೋವಾ, ನೆಬ್ರಾಸ್ಕಾ, ಕಾನ್ಸಸ್, ಇಲಿನಾಯ್ ಕಡೆ ಹಳ್ಳಿ ಊರುಗಳಲ್ಲಿ ಇರೋ ನಮ್ಮೋರಿಗೆ ಇಂಥ ಅಂಗಡಿ ಕಣ್ಣಿಗೆ ಬಿದ್ದೇ ಇರುತ್ತೆ, ಒಳಗೆ ಹೋಗೋಕೆ ಮಾತ್ರ ಮನಸ್ಸು ಹಿಂಜರಿಯುತ್ತೆ. ಅವರಿಗೋಸ್ಕರಾನೇ ಬರೀತಿರೋದು. ಐದಕ್ಕೆ ಐದು ಸ್ಟಾರ್.

ಮೊದಲು ಮನೆಯವರ ವಿಷ್ಯ ಹೇಳ್ಬಿಡ್ತೀನಿ, ಯಾಕಂದ್ರೆ ಆ ಐದು ಸ್ಟಾರ್ ಇರೋದೇ ಅವರಿಗೆ. ಅಜ್ಜ ಇದಾರೆ, ಎಂಬತ್ತು ದಾಟಿದೆ, ಕೆಲಸ ಎಲ್ಲ ಮಗನಿಗೆ ಬಿಟ್ಟುಕೊಟ್ಟಿದಾರೆ, ಆದ್ರೂ ಬೆಳಿಗ್ಗೆ ಶೋರೂಮ್ ಬಾಗಿಲು ತೆಗೆಯೋದು ಅವರೇ. ಮಗ ಫ್ಯೂನರಲ್ ಡೈರೆಕ್ಟರ್, ಲೈಸೆನ್ಸ್ ಇರೋರು, ಅದೇ ಮನುಷ್ಯ ಬಿಡುವಿದ್ದಾಗ ಮಂಚ ಹೊತ್ತು ಡೆಲಿವರಿಗೂ ಬರ್ತಾರೆ. ಮಗನ ಹೆಂಡತಿ ಫರ್ನಿಚರ್ ಕಡೆಯ ಆರ್ಡರ್ರು ಲೆಕ್ಕ ಎಲ್ಲ ನೋಡ್ಕೊಳ್ಳೋರು. ಮೊಮ್ಮಗಳು ಮಾರ್ಚುರಿ ಸೈನ್ಸ್, ಅಂದ್ರೆ ಹೆಣ ಸಿದ್ಧ ಮಾಡಿ ಅಂತ್ಯಕ್ರಿಯೆ ನಡೆಸೋ ವಿದ್ಯೆ, ಓದಿ ನ್ಯಾಷನಲ್ ಬೋರ್ಡ್ ಪರೀಕ್ಷೆ ಮುಗಿಸಿ ಈಗ ಅಪ್ಪನ ಕೈಕೆಳಗೆ ಅಪ್ರೆಂಟಿಸ್. ಹೆಣದ ಕೆಲಸ ಗಂಡಸರದ್ದು ಅಂತ ನಾವು ಅನ್ಕೊಂಡಿರ್ತೀವಿ, ಇಲ್ಲಿ ಈಗ ಆ ಕೋರ್ಸ್ ಓದೋರಲ್ಲಿ ಹುಡುಗೀರೇ ಜಾಸ್ತಿ. ಈ ಹುಡುಗಿ ಬಗ್ಗೆ ಮುಂದೆ ಹೇಳ್ತೀನಿ.

ನಾವು ಅವರ ಹತ್ರ ಮೊದಲು ಹೋಗಿದ್ದು ಫರ್ನಿಚರ್‌ಗೆ. ಅತ್ತೆ ಮಾವ ಊರಿಂದ ಬರೋರಿದ್ರು, ಡೈನಿಂಗ್ ಟೇಬಲ್ಲು, ಮಾವನವರಿಗೆ ಒಂದು ರಿಕ್ಲೈನರ್, ಅಂದ್ರೆ ಹಿಂದಕ್ಕೆ ಒರಗೋ ಕುರ್ಚಿ, ಬೇಕಿತ್ತು. ಟೇಬಲ್ ತಂದು ಇಟ್ರು, ನಮ್ಮದು ಹಳೇ ಮನೆ, ಮರದ ನೆಲ ಅಲ್ಲಲ್ಲಿ ಕುಸಿದಿದೆ, ಟೇಬಲ್ ಅಲ್ಲಾಡ್ತಿತ್ತು. ಆ ಡೈರೆಕ್ಟರ್ ಮನುಷ್ಯ ನೆಲದ ಮೇಲೆ ಉದ್ದಕ್ಕೆ ಮಲಗಿ ಒಂದೊಂದು ಕಾಲಿನ ಕೆಳಗಿರೋ ತಿರುಪು ತಿರುಗಿಸಿ, ಎದ್ದು ಕೈ ಊರಿ ನೋಡಿ, ಮತ್ತೆ ಮಲಗಿ, ಕೊನೆಗೆ ಒಂದು ಲೋಟ ನೀರು ಕೇಳಿ ತಗೊಂಡು ಟೇಬಲ್ ಮೇಲಿಟ್ಟು ನೀರು ಅಲ್ಲಾಡುತ್ತಾ ಅಂತ ನೋಡಿದ್ರು. ಆಮೇಲೆ ಮಾವನವರನ್ನ ರಿಕ್ಲೈನರ್‌ನಲ್ಲಿ ಕೂತ್ಕೊಳ್ಳಿ ಅಂದ್ರು. ಮಾವನವರು ಕುಳ್ಳಗೆ, ಕೂತ್ರೆ ಪಾದ ನೆಲಕ್ಕೆ ತಾಗ್ತಿರಲಿಲ್ಲ. ನಾವು ಯಾರೂ ಗಮನಿಸಿರಲಿಲ್ಲ, ಮಾವನವರು ಸಂಕೋಚಕ್ಕೆ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರು. ಇವರು ಒಂದು ನಿಮಿಷ ನೋಡಿ, ಇದು ನಿಮಗೆ ದೊಡ್ಡದಾಯ್ತು, ಏಳುವಾಗ ಮಂಡಿಗೆ ಕಷ್ಟ ಆಗುತ್ತೆ ಅಂತ ಅದನ್ನ ವಾಪಸ್ ಹೊತ್ಕೊಂಡು ಹೋಗಿ ಚಿಕ್ಕದು ತಂದುಕೊಟ್ರು, ಡೆಲಿವರಿಗೆ ಅಂತ ಒಂದು ಡಾಲರ್ ಜಾಸ್ತಿ ತಗೊಳ್ಳಲಿಲ್ಲ. ಚಿಕ್ಕದರ ಬೆಲೆ ಕಮ್ಮಿ ಇತ್ತು, ಮಿಕ್ಕ ದುಡ್ಡಿನ ಚೆಕ್ ಅವರ ಹೆಂಡತಿ ಪೋಸ್ಟ್‌ನಲ್ಲಿ ಕಳಿಸಿದ್ರು.

ಸೋಫಾ ಮಾರೋರಿಗೂ ಹೆಣಕ್ಕೂ ಏನು ಸಂಬಂಧ ಅಂತ ನಾನೂ ಅಜ್ಜನ್ನ ಕೇಳಿದೆ. ಅಜ್ಜಂಗೆ ಇದು ಇಷ್ಟದ ವಿಷ್ಯ, ಕೂರಿಸ್ಕೊಂಡು ಹೇಳಿದ್ರು. ಹಿಂದೆ ಇಂಥ ಊರಲ್ಲಿ ಯಾರಾದ್ರೂ ಹೋದ್ರೆ ಪೆಟ್ಟಿಗೆ ಮಾಡ್ಕೊಡೋಕೆ ಮರ, ಉಳಿ, ಕೈಚಳಕ ಇದ್ದಿದ್ದು ಮೇಜು ಕುರ್ಚಿ ಮಾಡೋ ಬಡಗಿ ಹತ್ರ ಮಾತ್ರ, ಸಾಗಿಸೋಕೆ ಬಂಡಿ ಇದ್ದಿದ್ದೂ ಅವನ ಹತ್ರಾನೇ. ಸ್ನಾನ ಮಾಡ್ಸೋದು, ಅಲಂಕಾರ ಎಲ್ಲ ಆಗ ಮನೆಯಲ್ಲೇ, ಮನೆ ಹೆಂಗಸರೇ ಮಾಡ್ತಿದ್ರಂತೆ. 1861ರಿಂದ 1865ರವರೆಗೆ ಇಲ್ಲಿನ ಅಂತರ್ಯುದ್ಧ, ಸಿವಿಲ್ ವಾರ್, ನಡೆದಾಗ ದೂರದಲ್ಲಿ ಸತ್ತ ಸೈನಿಕರನ್ನ ಊರಿಗೆ ಕಳಿಸೋಕೆ ಎಂಬಾಮಿಂಗ್, ಅಂದ್ರೆ ಹೆಣ ಬೇಗ ಕೆಡದ ಹಾಗೆ ರಾಸಾಯನಿಕ ತುಂಬೋದು, ಬಳಕೆಗೆ ಬಂತು, 1865ರಲ್ಲಿ ಲಿಂಕನ್ ದೇಹವನ್ನ ವಾಷಿಂಗ್ಟನ್‌ನಿಂದ ಸ್ಪ್ರಿಂಗ್‌ಫೀಲ್ಡ್‌ವರೆಗೆ ರೈಲಲ್ಲಿ ಊರೂರಿಗೂ ತೋರಿಸ್ಕೊಂಡು ಹೋದಾಗ ಜನ ಕಣ್ಣಾರೆ ನೋಡಿ ಅದಕ್ಕೆ ಒಗ್ಗಿಕೊಂಡ್ರು. ಪೆಟ್ಟಿಗೆ ಮಾಡ್ಕೊಡ್ತಿದ್ದ ಬಡಗಿ ಮನೆಯವರೇ ನಿಧಾನಕ್ಕೆ ಆ ವಿದ್ಯೆನೂ ಕಲಿತು ಮಿಕ್ಕ ಕೆಲಸಾನೂ ವಹಿಸ್ಕೊಂಡ್ರು. ಇನ್ನೊಂದು ನನಗೆ ಗೊತ್ತೇ ಇರ್ಲಿಲ್ಲ, 1960ರ ದಶಕದವರೆಗೂ ಎಷ್ಟೋ ಊರುಗಳಲ್ಲಿ ಆಂಬುಲೆನ್ಸ್ ಓಡಿಸ್ತಿದ್ದಿದ್ದೂ ಫ್ಯೂನರಲ್ ಹೋಮ್‌ನವರೇ, ಯಾಕಂದ್ರೆ ಮನುಷ್ಯನ್ನ ಮಲಗಿಸ್ಕೊಂಡು ಹೋಗೋವಷ್ಟು ಉದ್ದದ ಗಾಡಿ ಇದ್ದಿದ್ದು ಅವರ ಹತ್ರ. ಅಜ್ಜ ಹುಡುಗರಾಗಿದ್ದಾಗ ಹೆರಿಗೆ ಹೆಂಗಸರನ್ನೂ ಅದೇ ಗಾಡೀಲಿ ಆಸ್ಪತ್ರೆಗೆ ಬಿಟ್ಟಿದಾರಂತೆ.

ಇನ್ನು ಮಾವನವರ ವಿಷ್ಯ. ರಾತ್ರಿ ಎದೆ ನೋವು ಅಂದ್ರು, ಊರಿನ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಬೆಳಗಾಗೋದ್ರೊಳಗೆ ಹೋಗ್ಬಿಟ್ರು. ಪರದೇಶ, ವಿಸಿಟರ್ ವೀಸಾ, ಅತ್ತೆಗೆ ಇಂಗ್ಲಿಷ್ ಬರಲ್ಲ, ಯಜಮಾನರಿಗೆ ಮಾತೇ ಹೊರಡ್ತಿಲ್ಲ. ದೊಡ್ಡ ಸಿಟೀಲಿರೋ ನಾದಿನಿ, ಅಲ್ಲಿ ನಮ್ಮೋರಿಗೆಲ್ಲ ಮಾಡಿ ಅಭ್ಯಾಸ ಇರೋ ಒಂದು ಫ್ಯೂನರಲ್ ಹೋಮ್ ಇದೆ ಅಂದ್ಲು. ಫೋನ್ ಮಾಡಿ ದಹನಕ್ಕೆ ಎಷ್ಟಾಗುತ್ತೆ ಅಂದ್ರೆ, ಫೋನಲ್ಲಿ ಹೇಳೋಕಾಗಲ್ಲ, ಬಂದು ಕೂತ್ಕೊಂಡು ಪ್ಯಾಕೇಜ್ ನೋಡಿ ಅಂದ್ರು. ಇದು ತಪ್ಪು, ಎಲ್ಲರೂ ನೆನಪಿಟ್ಕೊಳ್ಳಿ. 1984ರಿಂದ ಇಲ್ಲಿ ಫ್ಯೂನರಲ್ ರೂಲ್ ಅಂತ ಅಮೆರಿಕ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಇದೆ, ಫೋನಲ್ಲಿ ಕೇಳಿದ್ರೆ ರೇಟ್ ಹೇಳ್ಲೇಬೇಕು, ಎದುರಿಗೆ ಹೋಗಿ ಕೇಳಿದ್ರೆ ಒಂದೊಂದಕ್ಕೂ ಬೇರೆ ಬೇರೆ ಬೆಲೆ ಬರೆದಿರೋ ಪಟ್ಟಿ ಕೈಗೆ ಕೊಡ್ಲೇಬೇಕು, ದಹನಕ್ಕೆ ದುಬಾರಿ ಕ್ಯಾಸ್ಕೆಟ್ (ಶವಪೆಟ್ಟಿಗೆ) ಬೇಕೇ ಬೇಕು ಅಂತ ಹೇಳೋ ಹಾಗಿಲ್ಲ, ನಮ್ಮನ್ನ ಕೇಳದೆ ಎಂಬಾಮಿಂಗ್ ಮಾಡಿ ದುಡ್ಡು ವಸೂಲಿ ಮಾಡೋ ಹಾಗಿಲ್ಲ.

ಆಮೇಲೆ ನಾನೇ ನಮ್ಮೂರಿನ ಈ ಅಂಗಡಿಯವರಿಗೆ ಫೋನ್ ಮಾಡಿದೆ. ಇನ್ನೂ ಬೆಳಕು ಹರಿದಿರ್ಲಿಲ್ಲ, ಎರಡನೇ ರಿಂಗ್‌ಗೆ ಎತ್ತಿದ್ರು. ಹೆಸರು ಹೇಳ್ತಿದ್ದ ಹಾಗೇ, ಚಿಕ್ಕ ಕುರ್ಚಿ ತಗೊಂಡ ಯಜಮಾನರಾ ಅಂತ ಕೇಳಿದ್ರು. ನಾನು ಅಲ್ಲಿವರೆಗೂ ಅತ್ತಿರ್ಲಿಲ್ಲ.

ಹೋದ ತಕ್ಷಣ ಕೂರಿಸಿ, ಕಾಫಿ ಕೊಟ್ಟು, ಬೆಲೆ ಪಟ್ಟಿ ಮುಂದಿಟ್ಟು, ನಿಮಗೆ ಇಲ್ಲಿಂದ ಇಲ್ಲಿವರೆಗೆ ಯಾವುದೂ ಬೇಕಾಗಲ್ಲ ಅಂತ ಅವರೇ ಪೆನ್ನಲ್ಲಿ ಗೀಟು ಹಾಕಿದ್ರು. ಎಂಬಾಮಿಂಗ್ ಬೇಡ, ಕ್ಯಾಸ್ಕೆಟ್ ಬೇಡ, ಗಟ್ಟಿ ರಟ್ಟಿನ ಪೆಟ್ಟಿಗೆ ಸಾಕು ಅಂದ್ರು. ಫ್ಯೂನರಲ್ ಡೈರೆಕ್ಟರ್‌ಗಳ ರಾಷ್ಟ್ರೀಯ ಸಂಘದ 2023ರ ಲೆಕ್ಕದಲ್ಲಿ, ನೋಡೋಕೆ ಜನ ಬಂದು ದಹನ ಮಾಡೋ ಅಂತ್ಯಕ್ರಿಯೆಗೆ ಇಡೀ ದೇಶದಲ್ಲಿ ಮೀಡಿಯನ್ (ಮಧ್ಯದ ಅಂಕಿ) ಖರ್ಚು 6,280 ಡಾಲರ್, ನಮಗೆ ಅದಕ್ಕಿಂತ ಎಷ್ಟೋ ಕಮ್ಮಿ ಆಯ್ತು. ದುಃಖದಲ್ಲಿರೋರ ಹತ್ರ ದುಡ್ಡು ಕೀಳೋದು ಎಷ್ಟು ಸುಲಭ ಅಂತ ಆ ಹೊತ್ತಲ್ಲಿ ಕೂತೋರಿಗೇ ಗೊತ್ತು, ಏನು ಹೇಳಿದ್ರೂ ಹೂಂ ಅಂತಿದ್ವಿ. ಇವರು ಹಾಗೆ ಮಾಡಲಿಲ್ಲ. ಒಳ್ಳೇ ಜನ ಅನ್ನೋದು ಒಂದು, ಜೊತೆಗೆ ಇನ್ನೊಂದು ಕಾರಣ ಇದೆ ಅಂತ ನನಗನ್ಸುತ್ತೆ. ಇವರು ನಾಳೆ ಅಂಗಡೀಲಿ, ಸ್ಕೂಲಲ್ಲಿ, ಗ್ಯಾಸ್ ಸ್ಟೇಷನ್‌ನಲ್ಲಿ ನಮ್ಮ ಮುಖ ನೋಡ್ಬೇಕು, ಮಗಳ ಮದುವೆಗೆ ಮಂಚ ತಗೊಳ್ಳೋಕೆ ನಾವು ಅವರ ಹತ್ರಾನೇ ಹೋಗ್ಬೇಕು. ಒಂದು ಸಲ ಮೋಸ ಮಾಡಿದ್ರೆ ಎರಡು ವ್ಯಾಪಾರಾನೂ ಹೋಯ್ತು.

ಈಗ ಆ ಹುಡುಗಿ ವಿಷ್ಯ. ಅವಳು ಒಂದು ನೋಟ್‌ಬುಕ್ ಹಿಡ್ಕೊಂಡು ಅತ್ತೆ ಪಕ್ಕ ಬಂದು ಕೂತ್ಲು, ನನ್ನ ಕೈಲಿ ಕೇಳಿಸಿದ್ಲು, ನಿಮ್ಮಲ್ಲಿ ಏನೇನು ಮಾಡ್ತೀರಾ, ಯಾರು ಮುಟ್ಟಬಹುದು, ಯಾವ ಕಡೆ ತಲೆ ಇಡಬೇಕು. ಅತ್ತೆ ಹೇಳಿದ್ದೆಲ್ಲ ಬರ್ಕೊಂಡ್ಲು. ಪೇಸ್‌ಮೇಕರ್ ಇದೆಯಾ ಅಂತ ಮೊದಲೇ ಕೇಳಿದ್ಲು, ಇದ್ರೆ ತೆಗೀಲೇಬೇಕಂತೆ, ಬ್ಯಾಟರಿ ಬಿಸಿಗೆ ಸಿಡಿಯುತ್ತೆ. ತುಪ್ಪ, ಅಕ್ಕಿ, ತುಳಸಿ, ಗಂಧದ ಚಕ್ಕೆ ಇಡಬಹುದು, ಗಾಜಿನ ಬಾಟಲು ಬೇಡ, ತೆಂಗಿನಕಾಯಿ ಇಡೀದು ಬೇಡ, ಒಡೆದಿದ್ದು ಇಡಿ ಅಂದ್ಲು. ಯಜಮಾನರು, ಮೈದುನ ಸೇರ್ಕೊಂಡು ಸ್ನಾನ ಮಾಡ್ಸಿ ಪಂಚೆ ಉಡಿಸೋವಾಗ ಅವಳೂ ಅವರಪ್ಪನೂ ಪಕ್ಕದಲ್ಲೇ ನಿಂತು ಹೇಗೆ ಹೊರಳಿಸಬೇಕು, ಎಲ್ಲಿ ಕೈ ಕೊಡಬೇಕು ಅಂತ ತೋರಿಸ್ತಿದ್ರು, ಆದ್ರೆ ತಾವಾಗಿ ಕೈ ಹಾಕಲಿಲ್ಲ. ಕರ್ಪೂರ ಹಚ್ಚೋಕೆ ಮುಂಚೆ ಅಜ್ಜ ಹೋಗಿ ಆ ರೂಮಿನ ಅಲಾರಂ ನೋಡ್ಕೊಂಡು ನಿಂತಿದ್ರು. ದೂರದಿಂದ ಬಂದ ನಮ್ಮ ಕನ್ನಡದೋರಲ್ಲಿ ಒಬ್ರು ಹಿರಿಯರಿಗೆ ಮಡಚೋ ಕುರ್ಚೀಲಿ ಕೂರೋಕೆ ಆಗ್ತಿರಲಿಲ್ಲ, ಡೈರೆಕ್ಟರ್ ಹೆಂಡತಿ ಯಾರಿಗೂ ಹೇಳದೆ ಶೋರೂಮಿಂದ ಒಂದು ಹೊಸ ಕುರ್ಚಿ, ಬೆಲೆ ಚೀಟಿ ಇನ್ನೂ ನೇತಾಡ್ತಿರೋದನ್ನ, ಪಾರ್ಕಿಂಗ್ ದಾಟಿಸಿ ತಂದು ಹಾಕಿಸಿದ್ರು.

ನಮ್ಮೂರಲ್ಲಿ ಕ್ರೆಮೆಟೋರಿಯಂ ಇಲ್ಲ, ಪಕ್ಕದ ಕೌಂಟಿಗೆ ಹೋಗ್ಬೇಕು. ದಹನ ಈಗ ಇಲ್ಲಿನವರಿಗೂ ಮಾಮೂಲು, 1970ರಲ್ಲಿ ನೂರಕ್ಕೆ ಐದು ಜನಾನೂ ದಹನ ಮಾಡಿಸ್ತಿರಲಿಲ್ಲ, 2016ರ ಹೊತ್ತಿಗೆ ಅರ್ಧ ದಾಟಿದೆ. ಮನೆಯವರು ನಿಂತು ನೋಡೋದಕ್ಕೆ ವಿಟ್ನೆಸ್ ಕ್ರೆಮೇಷನ್ ಅಂತಾರೆ, ಮೊದಲೇ ಹೇಳಿದ್ರೆ ಏರ್ಪಾಡು ಮಾಡ್ತಾರೆ, ಬಟನ್ ಹಿರಿಮಗನ ಕೈಲೇ ಒತ್ತಿಸ್ತಾರೆ. ಒಳಗೆ ಕಳಿಸೋ ಮುಂಚೆ ನಂಬರ್ ಕೊರೆದಿರೋ ಒಂದು ಪುಟ್ಟ ಸ್ಟೀಲ್ ಬಿಲ್ಲೆಯನ್ನ ಯಜಮಾನರ ಅಂಗೈಲಿಟ್ಟು, ಇದು ನಿಮ್ಮಪ್ಪನ ಜೊತೇಲೇ ಬೆಂಕಿಗೆ ಹೋಗುತ್ತೆ, ಜೊತೇಲೇ ವಾಪಸ್ ಬರುತ್ತೆ, ಕಾಗದದಲ್ಲಿರೋ ನಂಬರಿಗೂ ಇದಕ್ಕೂ ನೀವೇ ತಾಳೆ ನೋಡ್ಕೊಳ್ಳಿ ಅಂದ್ರು. ಬೇರೆಯವರ ಬೂದಿ ಕೊಟ್ಬಿಟ್ರೆ ಅನ್ನೋ ಭಯ ಅತ್ತೆಗೆ ಬಹಳ ಇತ್ತು, ಅಸ್ಥಿ ಜೊತೆ ಕಪ್ಪಾಗಿದ್ದ ಆ ಬಿಲ್ಲೆ ನೋಡಿದ ಮೇಲೆ ಸಮಾಧಾನ ಆಯ್ತು.

ಪೇಪರ್ ಕೆಲಸದ ಬಗ್ಗೆ ಬೇಗ ಹೇಳ್ತೀನಿ. ಡೆತ್ ಸರ್ಟಿಫಿಕೇಟ್ ಅವರೇ ಫೈಲ್ ಮಾಡಿದ್ರು, ಸರ್ಟಿಫೈಡ್ ಕಾಪಿ ಜಾಸ್ತೀನೇ ತಗೊಳ್ಳಿ, ಬ್ಯಾಂಕು ಪೆನ್ಷನ್ ಎಲ್ಲ ಕಡೆ ಕೇಳ್ತಾರೆ ಅಂದ್ರು, ಊರಿಗೆ ಹೋದ್ಮೇಲೆ ಅದು ಎಷ್ಟು ನಿಜ ಅಂತ ಗೊತ್ತಾಯ್ತು. ಅಸ್ಥಿ ಭಾರತಕ್ಕೆ ಒಯ್ಯೋಕೆ ನಮ್ಮ ಕಾನ್ಸುಲೇಟ್ ಕಾಗದ ಬೇಕು, ಅದಕ್ಕೆ ಮಾವನವರ ಪಾಸ್‌ಪೋರ್ಟು, ದಹನದ ಸರ್ಟಿಫಿಕೇಟು ಎಲ್ಲ ಒಂದು ಫೈಲಲ್ಲಿ ಜೋಡಿಸಿ ಕೊಟ್ಟಿದ್ರು. ವಿಮಾನದಲ್ಲಿ ಕೈಲಿ ತಗೊಂಡು ಹೋಗೋದಾದ್ರೆ ಲೋಹದ ಕಳಶ ಬೇಡ, ಎಕ್ಸ್‌ರೇಲಿ ಒಳಗೆ ಏನಿದೆ ಕಾಣಲ್ಲ, ಬಿಡಲ್ಲ, ಮರದ್ದು ತಗೊಳ್ಳಿ ಅಂತ ಹೇಳಿ ಅಜ್ಜ ತಮ್ಮ ಕೈಯಾರೆ ಮಾಡಿದ ಒಂದು ಮರದ ಡಬ್ಬ ಕೊಟ್ರು. ಬಿಲ್ಲಲ್ಲಿ ಅದು ಇರ್ಲಿಲ್ಲ, ಕೇಳಿದ್ದಕ್ಕೆ ಅಜ್ಜ ತಲೆ ಅಲ್ಲಾಡಿಸಿ ಆ ಕಡೆ ಹೋದ್ರು.

ಕೊರತೆ ಇಲ್ವಾ ಅಂದ್ರೆ ಇದೆ. ಫರ್ನಿಚರ್‌ನಲ್ಲಿ ಆಯ್ಕೆ ಕಮ್ಮಿ, ಹೊಸ ಡಿಸೈನ್ ಬೇಕು ಅನ್ನೋರಿಗೆ ಹಿಡಿಸಲ್ಲ, ಆನ್‌ಲೈನ್‌ಗೆ ಹೋಲಿಸಿದ್ರೆ ಬೆಲೆ ಸ್ವಲ್ಪ ಜಾಸ್ತಿ. ವೆಬ್‌ಸೈಟ್‌ನಲ್ಲಿ ಸೋಫಾ ಫೋಟೋ ಹುಡುಕೋಕೆ ಹೋದ್ರೆ ಮೊದಲು ಸಾವಿನ ಸುದ್ದಿಗಳೇ ಕಾಣುತ್ತೆ, ಎರಡನ್ನೂ ಬೇರೆ ಮಾಡಿದ್ರೆ ಒಳ್ಳೇದು, ನಾನು ಹೇಳಿದೀನಿ, ಮೊಮ್ಮಗಳು ಮಾಡ್ತೀನಿ ಅಂದಿದಾಳೆ. ನಮ್ಮ ಪದ್ಧತಿ ಮಂತ್ರ ಎಲ್ಲ ಅವರಿಗೆ ಗೊತ್ತಿರಲ್ಲ, ಪುರೋಹಿತರನ್ನ ನಾವೇ ಹುಡ್ಕೋಬೇಕು, ನಮಗೆ ಊರಿಂದ ವೀಡಿಯೋ ಕಾಲಲ್ಲೇ ಹೇಳಿಸ್ಬೇಕಾಯ್ತು. ಆದ್ರೆ ಆ ನೋಟ್‌ಬುಕ್ ಅವಳು ಹಾಗೇ ಇಟ್ಕೊಂಡಿದಾಳೆ, ಮುಂದೆ ನಮ್ಮೋರು ಯಾರೇ ಹೋದ್ರೂ ಪೂರ್ತಿ ಮೊದಲಿಂದ ಹೇಳ್ಬೇಕಾಗಿಲ್ಲ.

ಫರ್ನಿಚರ್ ತಗೊಳ್ಳೋಕೆ ಹೋಗೋರು ಬೆಳಿಗ್ಗೆ ಒಂದು ಫೋನ್ ಮಾಡಿ ಹೋಗಿ. ಊರಲ್ಲಿ ಯಾರದ್ದಾದ್ರೂ ಅಂತ್ಯಕ್ರಿಯೆ ಇದ್ರೆ ಶೋರೂಮ್ ಮಧ್ಯಾಹ್ನದವರೆಗೂ ಮುಚ್ಚಿರುತ್ತೆ, ಡೆಲಿವರಿನೂ ಮುಂದಕ್ಕೆ ಹೋಗುತ್ತೆ. ಇನ್ನೊಂದು ಕೆಲಸಕ್ಕಾದ್ರೆ ಯಾವ ಹೊತ್ತಲ್ಲಿ ಬೇಕಾದ್ರೂ ಫೋನ್ ಮಾಡಿ, ಎತ್ತುತಾರೆ.